ಉಣ್ಣೆಯ ಹಾಯಿಗೆ ಹುಣಸೆಯ ಗಂಜಿ

ಹಡಗಿನ ಹಾಯಿ ಹೊಲಿಯುವ ನಮ್ಮ ಹಳೆಯ ಕಾರ್ಖಾನೆಗೆ ಮೇಘನಾ ಎಂಬ ಮೈಸೂರಿನ ಹುಡುಗಿ ಹೊಸದಾಗಿ ಸೇರಿದ್ದಾಳೆ. ಮೆನ್ಲೋ ಪಾರ್ಕಿನ ದೊಡ್ಡ ಕಂಪ್ಯೂಟರ್ ಕಂಪನಿಯ ಆಫೀಸು, ಪುಕ್ಕಟೆ ಊಟ, ಕೂತಲ್ಲಿಗೆ ಕಾಫಿ, ಎಲ್ಲ ಬಿಟ್ಟು ಬಂದು ಸೂಜಿ ಹಿಡಿದಿದ್ದಾಳೆ. ಅವಳ ಅಮ್ಮ ನನಗೆ ಫೋನು ಮಾಡಿ ಅತ್ತದ್ದೂ ಆಯಿತು. ಈಗ ಮಗಳು ನನ್ನ ಬೆನ್ನು ಹತ್ತಿದ್ದಾಳೆ. "ಆಂಟಿ, ನೀವು ರಿಟೈರ್ ಆಗ್ಬಿಟ್ರಿ, ಇನ್ನು ನಮಗೆ ಹೇಳ್ಕೊಡೋರು ಯಾರು? ನಿಮ್ಮ ಎಕ್ಸ್‌ಪೀರಿಯೆನ್ಸು ಒಂದಿಷ್ಟು ಬರೆದುಕೊಡಿ. ನಾವು ಮಾಡೋ ಮಿಸ್ಟೇಕುಗಳಾದ್ರೂ ಕಮ್ಮಿ ಆಗ್ತವೆ."

ಕಡಿಮೆಯಾಗುತ್ತವೆ ಎಂಬ ಭರವಸೆ ನನಗೇನೂ ಇಲ್ಲ. ಬೇರೆಯವರ ತಪ್ಪು ಓದಿ ಬುದ್ಧಿ ಕಲಿತವರನ್ನು ನಾನಂತೂ ಕಂಡಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನನ್ನ ಅತಿ ದೊಡ್ಡ ತಪ್ಪು ಈ ಹುಡುಗಿಯ ತಲೆಯ ಮೇಲೆಯೇ ಸುರಿದಿತ್ತು. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ನನ್ನ ಹೆಸರು ದಾವಲಬಿ. ಗದಗಿನ ಕಡೆಯವಳು, ಪಿಂಜಾರರ ಮನೆಯ ಹೆಣ್ಣು. ಅಪ್ಪ ಬಿಲ್ಲು ಹೆಗಲಿಗೇರಿಸಿಕೊಂಡು ಓಣಿ ಓಣಿ ತಿರುಗಿ ಹತ್ತಿ ಹಿಂಜುತ್ತಿದ್ದ. ಹಿಂಜಿದ ಹತ್ತಿ ತುಂಬಿ ಗಾದಿ ಹೊಲಿಯುವುದು ಅವ್ವನ ಮತ್ತು ನನ್ನ ಪಾಲು. ಊರಿಗೆಲ್ಲ ಗಾದಿ ಮಾಡಿಕೊಟ್ಟು ನಾವು ಚಾಪೆಯ ಮೇಲೆ ಮಲಗಿದವರು. ಮದುವೆಯಾಗಿ ಗಂಡನ ಹಿಂದೆ ಈ ದೇಶಕ್ಕೆ, ಹೇವರ್ಡ್ ಎಂಬ ಊರಿಗೆ ಬಂದೆ. ಅವರಿಗೆ ಬಸ್ಸು ರಿಪೇರಿಯ ಕೆಲಸವಿತ್ತು. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಸೂಜಿ ಬರುತ್ತಿತ್ತು. ಅಲಮೇಡಾದಲ್ಲಿ ದಪ್ಪ ಬಟ್ಟೆ ಹೊಲಿಯುವವರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದರು, ಹೋದೆ. ಹಾಯಿ ಎಂದರೇನೆಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ನಮ್ಮೂರಲ್ಲಿ ಕೆರೆಯೂ ಬೇಸಿಗೆಗೆ ಬತ್ತುತ್ತಿತ್ತು, ಇನ್ನು ಹಡಗು ಎಲ್ಲಿಂದ ಬರಬೇಕು!

ಕಾರ್ಖಾನೆಯ ಒಡತಿ ಪೆಗ್ಗಿ. ಅವಳೂ ಇತರರೂ ಮಾತಾಡಿದ್ದು ಇಂಗ್ಲಿಷಿನಲ್ಲೇ. ಆದರೆ ನನ್ನ ನೆನಪಿನಲ್ಲಿ ಎಲ್ಲವೂ ನಮ್ಮ ಮಾತಾಗಿಯೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ. ಪೆಗ್ಗಿ ಗದಗಿನ ಕನ್ನಡದಲ್ಲಿ ಬೈದರೆ ನಗಬೇಡಿ. ಮೊದಲ ದಿನ ಎರಡು ತುಂಡು ಕ್ಯಾನ್ವಾಸು ಕೊಟ್ಟು ಜೋಡಿಸು ಎಂದಳು. ನಾನು ಗಾದಿಯ ಹೊಲಿಗೆ ಹಾಕಿದೆ. ಗಾದಿಗೆ ಪ್ರತಿ ಹೊಲಿಗೆಯನ್ನೂ ಮೈ ಬಲವೆಲ್ಲ ಹಾಕಿ ಬಿಗಿಯಬೇಕು, ಇಲ್ಲವಾದರೆ ಹತ್ತಿ ಗಂಟುಕಟ್ಟುತ್ತದೆ. ಪೆಗ್ಗಿ ನೋಡಿದಳು, ಚಾಕು ತೆಗೆದಳು, ಅಷ್ಟನ್ನೂ ಸರ್ರನೆ ಕೊಯ್ದು ಹಾಕಿದಳು.

"ಏ ದಾವಲ್, ಗಾದಿ ಮ್ಯಾಲ ಮನಿಷ್ಯಾ ಮಲಗ್ತಾನ. ಇದರಾಗ ಗಾಳಿ ಮಲಗಬೇಕು. ದಾರ ಎಳದು ಎಳದು ಅರಿವಿ ಜೀವಾ ತಗೀಬ್ಯಾಡ."

ಮೂರು ವಾರ ನಾನು ಹೊಲಿದದ್ದು, ಅವಳು ಕೊಯ್ದದ್ದು, ಇಷ್ಟೇ ನಡೆಯಿತು. ನಾಲ್ಕನೆಯ ವಾರ ಚಾಕು ತೆಗೆಯಲಿಲ್ಲ. ಚೆನ್ನಾಗಿದೆ ಎಂದೂ ಹೇಳಲಿಲ್ಲ. ಅವಳ ಕೈಕೆಳಗೆ ಮೂವತ್ತು ವರ್ಷ ದುಡಿದೆ, ಆ ಶಬ್ದ ಅವಳ ಬಾಯಿಂದ ಬೀಳಲೇ ಇಲ್ಲ.

ಆಗೆಲ್ಲ ಕೆಲಸ ಮೊಣಕಾಲಿನ ಮೇಲೆ. ದೊಡ್ಡ ಮರದ ನೆಲ, ಅದರ ಮೇಲೆ ಹುರಿ ಎಳೆದು, ಸೀಮೆಸುಣ್ಣದಲ್ಲಿ ಹಾಯಿಯ ಆಕಾರ ಬರೆದು, ಅಂಬೆಗಾಲಿನಲ್ಲಿ ಹರಿದಾಡುತ್ತ ಕತ್ತರಿಸುವುದು. ಆಮೇಲೆ ಕಂಪ್ಯೂಟರ್ ಬಂತು, ತಾನೇ ಕತ್ತರಿಸುವ ಮೇಜು ಬಂತು, ಪ್ಲಾಸ್ಟಿಕ್ಕಿನ ಬಟ್ಟೆ ಬಂತು. ಅಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ನನಗೇನೂ ಅದರ ಮೇಲೆ ಸಿಟ್ಟಿಲ್ಲ. ಇನ್ನೊಂದು ಹತ್ತು ವರ್ಷ ಮೊದಲೇ ಬಂದಿದ್ದರೆ ನನ್ನ ಮೊಣಕಾಲು ಉಳಿಯುತ್ತಿದ್ದವು ಎಂದು ಮಾತ್ರ ಸಿಟ್ಟು.

ಒಂದು ಮಾತು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಅಷ್ಟು ವರ್ಷ ಹಾಯಿ ಹೊಲಿದವಳು ಒಂದು ಸಲವೂ ಹಾಯಿಯ ಕೆಳಗೆ ಕೂತವಳಲ್ಲ. ಶುಕ್ರವಾರ ಸಂಜೆ ಗಿರಾಕಿಗಳು ಬಂದು ಹಾಯಿಯನ್ನು ಚೀಲದಲ್ಲಿ ಒಯ್ಯುವರು. "ಭಾನುವಾರ ಬಾ ದಾವಲ್, ಒಂದು ಸುತ್ತು ಹಾಕಿಸ್ತೇವಿ" ಎನ್ನುವರು. ಮುಂದಿನ ಭಾನುವಾರ ಎನ್ನುತ್ತಿದ್ದೆ. ಮಗಳು ರೆಹಾನಾ ಸಣ್ಣವಳು, ಗಂಡನಿಗೆ ಶಿಫ್ಟು, ಮನೆಗೆ ನೆಂಟರು, ಒಂದಲ್ಲ ಒಂದು. ಅದೆಲ್ಲ ನೆಪ. ಹೊಲಿಯುವುದು ನಮ್ಮ ಪಾಲು, ಕೂರುವುದು ಅವರ ಪಾಲು ಎಂದು ನನ್ನ ತಲೆಯಲ್ಲಿ ಗೂಟ ಹೊಡೆದು ಕೂತಿತ್ತು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನೀರಿನ ದಂಡೆಗೆ ಹೋಗುತ್ತಿದ್ದೆ. ನಾನು ಹೊಲಿದ ಹಾಯಿಗಳು ದೂರದಲ್ಲಿ ಬಾಗಿ ಹೋಗುವವು. ನೋಡಿ ನೋಡಿ, ಡಬ್ಬಿ ಹಾಗೆಯೇ ಮುಚ್ಚಿಕೊಂಡು ತಿರುಗಿ ಬರುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಫಾಸ್ಟರ್ ಸಿಟಿಗೆ, ಮಗಳ ಅಪಾರ್ಟ್‌ಮೆಂಟಿಗೆ ಬಂದೆ. ಅಲ್ಲಿ ಕಿಟಕಿ ತೆರೆದರೆ ಲಗೂನು ಎನ್ನುವ ಉಪ್ಪುನೀರಿನ ಕೆರೆ, ಅದರಲ್ಲೂ ಮಕ್ಕಳ ಪುಟ್ಟ ಪುಟ್ಟ ಹಾಯಿದೋಣಿಗಳು. ದೇವರು ಉರಿಸಬೇಕೆಂದರೆ ಎಲ್ಲಿದ್ದರೂ ಬಿಡುವುದಿಲ್ಲ.

ಕೆಲಸ ಬಿಡಲು ಒಂದು ವರ್ಷವಿದೆ ಎನ್ನುವಾಗ ಹಾಲ್ವರ್ ಬಂದರು. ವಾಲ್ನಟ್ ಕ್ರೀಕಿನಲ್ಲಿ ಶಾಲಾಮಕ್ಕಳಿಗೆ ಬಡಗಿ ಕೆಲಸ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರ ಅಜ್ಜ ನಾರ್ವೆಯವನು. ಸಾವಿರ ವರ್ಷದ ಹಿಂದೆ ಆ ಉತ್ತರದ ಸಮುದ್ರದಲ್ಲಿ ವೈಕಿಂಗರು ಕಟ್ಟುತ್ತಿದ್ದಂಥದೇ ಹಡಗನ್ನು ಇವರು ರಿಚ್ಮಂಡಿನ ಒಂದು ಶೆಡ್ಡಿನಲ್ಲಿ ಕಟ್ಟುತ್ತಿದ್ದರು. ಶನಿವಾರ, ಭಾನುವಾರ ಬರುವ ಸ್ವಯಂಸೇವಕರೇ ಕೂಲಿಗಳು. ಮೇಘನಾ ಆಗ ಅವರಲ್ಲೊಬ್ಬಳು, ಹಡಗು ನಡೆಸಲು ಹುಟ್ಟುಗೋಲು ಹಾಕುವ ಗುಂಪಿನವಳು.

ಶೆಡ್ಡಿಗೆ ಹೋಗಿ ನೋಡಿ ಬಾಯಿ ಬಿಟ್ಟುಕೊಂಡು ನಿಂತೆ. ಗರಗಸ ಮುಟ್ಟಿಸಿರಲಿಲ್ಲ. ಓಕ್ ಮರವನ್ನು ಕೊಡಲಿಯಿಂದ ಸೀಳಿ ತೆಗೆದ ಹಲಗೆಗಳು, ಮೀನಿನ ಹುರುಪೆಯಂತೆ ಒಂದರ ಅಂಚಿನ ಮೇಲೆ ಇನ್ನೊಂದು. ನಡುವೆ ಡಾಂಬರಿನಲ್ಲಿ ಅದ್ದಿದ ಉಣ್ಣೆ, ಮೇಲೆ ಕಬ್ಬಿಣದ ಮೊಳೆ. ಮೊದಲು ಹಲಗೆ ಕೂಡಿಸಿ ಆಮೇಲೆ ಒಳಗೆ ಅಡ್ಡಮರ ಇಡುತ್ತಾರೆ. ಚರ್ಮ ಮೊದಲು, ಎಲುಬು ಆಮೇಲೆ. ಅಲೆ ಹೊಡೆದರೆ ಅಂಥ ಹಡಗು ಮುರಿಯುವುದಿಲ್ಲ, ಬಾಗುತ್ತದೆ ಎಂದರು ಹಾಲ್ವರ್.

"ಹಾಯಿ ಸುದ್ದಾ ಆಗಿನ ಕಾಲದ್ದ ಆಗಬೇಕ್ರಿ. ಪೂರಾ ಉಣ್ಣಿ. ಕೈಹೊಲಿಗಿ. ನಿಮ್ಮ ಕೈಲೆ ಆಗ್ತದೇನ್ರಿ?"

ಉಣ್ಣೆ! ನಮ್ಮ ಓಣಿಯಲ್ಲಿ ಪಕ್ಕದ ಮನೆ ನೀಲವ್ವನದು, ಕಂಬಳಿ ನೇಯುವವರು. ಅವಳ ಮಗ್ಗದ ಬುಡದಲ್ಲಿ ಆಡಿ ಬೆಳೆದವಳು ನಾನು. "ಆಗ್ತದ್ರಿ. ಆದರ ನನ್ನದೊಂದು ಕೇಳಿಕಿ ಅದ" ಎಂದೆ. ಅದೆಲ್ಲಿಂದ ಧೈರ್ಯ ಬಂತೋ. "ನಾ ಹೊಲಿದ ಹಾಯಿ ಕೆಳಗ ಒಂದು ದಿನ ನನ್ನ ಕುಂದ್ರಿಸಿಕೊಂಡು ಹೋಗಬೇಕು."

ಹಾಲ್ವರ್ ನಗಲಿಲ್ಲ. "ಹಾಯಿ ಗಾಳಿ ಹಿಡೀಲಿ. ಹಾಯಿಕಂಬದ ಬುಡದಾಗಿನ ಜಾಗಾ ನಿಮ್ಮದ" ಎಂದು ಕೈ ಕೊಟ್ಟರು.

ಹಡಗಿಗೆ ದುಡ್ಡು ಹಾಕಿದವರು ಬಹಳ ಉತ್ತರದ ಒಂದು ಊರಿನವರು. ಒಂದೇ ಬೇಸಿಗೆ ಇಲ್ಲಿ ನಡೆಸಿ ನೋಡಿ, ಅಕ್ಟೋಬರ್ ಕೊನೆಗೆ ಲಾರಿಯ ಮೇಲೆ ಅಲ್ಲಿಗೆ ಕಳಿಸುವುದೆಂದು ಒಪ್ಪಂದ. ಬೇಸಿಗೆಯಲ್ಲಿ ಇಲ್ಲಿಯ ಗಾಳಿ ನೌಕರಿಯವನಂತೆ. ದಿನಾ ಮಧ್ಯಾಹ್ನ ತಪ್ಪದೆ ಕೊಲ್ಲಿಯ ಬಾಯಿಗಿರುವ ದೊಡ್ಡ ಸೇತುವೆಯ ಕೆಳಗಿನಿಂದ ನುಗ್ಗಿ ಬಂದು ಸಂಜೆಯವರೆಗೆ ದುಡಿಯುತ್ತದೆ. ಅಕ್ಟೋಬರಿಗೆ ರಜೆ ಹಾಕಿ ಹೋಗುತ್ತದೆ. ಹಾಗಾಗಿ ಜುಲೈಗೆ ಹಾಯಿ ತಯಾರಿರಬೇಕು ಎಂದರು ಹಾಲ್ವರ್.

ನೇಯ್ದ ಉಣ್ಣೆಯ ಪಟ್ಟಿಗಳು ಬಂದವು. ಒಂದಕ್ಕೊಂದು ಜೋಡಿಸಿ, ಅಂಚಿಗೆ ಹಗ್ಗ ಕೂಡಿಸಿ, ಚೌಕದ ಹಾಯಿ ಹೊಲಿದೆ. ಆರು ತಿಂಗಳ ಕೆಲಸ. ಅದರಲ್ಲಿ ನನ್ನ ತಪ್ಪು ಹುಡುಕಿದರೂ ಸಿಗಲಿಕ್ಕಿಲ್ಲ. ತಪ್ಪಾದದ್ದು ಆಮೇಲೆ.

ಉಣ್ಣೆಯ ನೇಯ್ಗೆಯಲ್ಲಿ ಸಂದಿಗಳಿರುತ್ತವೆ, ಗಾಳಿ ಸೋರುತ್ತದೆ. ಅದಕ್ಕೆ ಏನಾದರೂ ಬಳಿದು ಸಂದಿ ಮುಚ್ಚಬೇಕು. ಹಾಲ್ವರ್ ಒಂದು ದೊಡ್ಡ ಡಬ್ಬಿ ತಂದಿಟ್ಟರು. ಕೊಬ್ಬು ಕರಗಿಸಿ, ಕೆಮ್ಮಣ್ಣು, ಪೈನ್ ಮರದ ಎಣ್ಣೆ ಕೂಡಿಸಿ ಬಳಿಯುವುದು ಹಳೆಯ ಪದ್ಧತಿಯಂತೆ. ಯಾವುದರ ಕೊಬ್ಬು ಎಂದು ಕೇಳಿದೆ. ಹಂದಿಯದು ಎಂದರು. ನನ್ನ ಕೈ ತಾನಾಗಿ ಹಿಂದೆ ಸರಿಯಿತು.

ನನಗೆ ಅದು ನಡೆಯುವುದಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಪಾಪ, ಸಂತೋಷದಿಂದ ಹೊತ್ತು ತಂದಿದ್ದಾರೆ, ಇವಳದೊಂದು ತಕರಾರು ಎಂದುಕೊಂಡಾರು ಎಂಬ ಸಂಕೋಚ. ಅದರ ಜೊತೆಗೆ ಜಂಬವೂ ಇತ್ತು. "ಡಬ್ಬಿ ಬ್ಯಾಡ್ರಿ. ಉಣ್ಣಿಗೆ ಏನ್ ಹಚ್ಚಬೇಕಂತ ನಮ್ಮ ಓಣ್ಯಾಗ ಕೂಸಿಗೂ ಗೊತ್ತದ. ನನಗ ಬಿಡ್ರಿ" ಎಂದೆ. ಅವರು ನಂಬಿದರು.

ನೀಲವ್ವ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಕುದಿಸಿ ಗಂಜಿ ಮಾಡುತ್ತಿದ್ದಳು. ಆ ಗಂಜಿ ಕುಡಿದ ಹೊಸ ಕಂಬಳಿ ಹಲಗೆಯಂತೆ ನೆಟ್ಟಗೆ ನಿಲ್ಲುತ್ತಿತ್ತು. ನಾನು ಅದನ್ನೇ ಮಾಡಿದೆ. ಫ್ರೀಮಾಂಟಿನ ಗ್ರೋಸರಿಯಲ್ಲಿ ಬೀಜವಿದ್ದ ಹುಣಸೆಹಣ್ಣು ಇದ್ದಷ್ಟೂ ಕೊಂಡೆ. ಬೀಜ ಹಾಯಿಗೆ, ಹಣ್ಣು ಮನೆಗೆ. ಎರಡು ತಿಂಗಳು ಸಾರು ಹುಳಿ, ಪಲ್ಯ ಹುಳಿ, ಚಟ್ನಿ ಹುಳಿ. ರೆಹಾನಾ ಕೈ ಮುಗಿದಳು. "ಅವ್ವಾ, ನನ್ನ ಹಲ್ಲು ಜುಮ್ ಅನ್ಲಿಕತ್ತಾವು. ಒಂದು ದಿನ ಪಿಜ್ಜಾ ಆರ್ಡರ್ ಮಾಡ್ತೀನಿ, ಪ್ಲೀಸು."

ಗಂಜಿ ಬಳಿದು ಒಣಗಿಸಿದ ಹಾಯಿಯನ್ನು ಹಾಲ್ವರ್ ಬೆರಳಿನಿಂದ ಬಡಿದು ನೋಡಿದರು. ಡಬ್ ಡಬ್ ಎಂದಿತು. ದೀಪ ಹಿಡಿದರೆ ಒಂದು ಕಿರಣ ದಾಟಲಿಲ್ಲ. ಅವರ ಮುಖ ಅರಳಿತು. ನಾನಂತೂ ನೆಲದ ಮೇಲಿರಲಿಲ್ಲ.

ಜುಲೈನ ಒಂದು ಶನಿವಾರ ಮೊದಲ ಪರೀಕ್ಷೆ. ಅಂದು ಹುಟ್ಟು ಹಾಕುವವರು ಮಾತ್ರ, ನಾನು ದಂಡೆಯಲ್ಲಿ ಪೆಗ್ಗಿಯ ಪಕ್ಕದಲ್ಲಿ ನಿಂತಿದ್ದೆ. ಹಾಯಿ ಏರಿತು. ಗಾಳಿ ತುಂಬಿತು. ಹಡಗು ಕತ್ತೆತ್ತಿ ಓಡಿತು. ಯಾ ಅಲ್ಲಾ, ಅಂಥದ್ದನ್ನು ನಾನು ಕಂಡಿರಲಿಲ್ಲ! ಪೆಗ್ಗಿ ಕೂಡ ಬಾಯಿಗೆ ಕೈ ಇಟ್ಟುಕೊಂಡಳು. ಅಷ್ಟರಲ್ಲಿ ಸೇತುವೆಯ ಕಡೆಯಿಂದ ಮಂಜು ಇಳಿಯಿತು. ಅಲೆ ಎದ್ದು ಉಪ್ಪುನೀರು ಹಾಯಿಗೆ ಸಿಡಿಯಿತು. ಕಣ್ಣೆದುರೇ ಹಾಯಿ ಜೋತು ಬಿದ್ದು, ಹಿಗ್ಗಿ, ಕೆಳಗಿನ ಅಂಚು ಹುಟ್ಟು ಹಾಕುವವರ ಮುಖಕ್ಕೆ ಬಡಿಯತೊಡಗಿತು. ಗಂಜಿ ಕರಗಿ ಲೋಳೆಯಾಗಿ ಎಲ್ಲರ ಮೇಲೆ ಸುರಿಯಿತು. ಕೊನೆಗೆ ಒಂದು ಮೋಟಾರು ದೋಣಿ ಹಡಗನ್ನು ಎಳೆದು ತಂದಿತು. ಮೊದಲು ಇಳಿದವಳು ಮೇಘನಾ, ಜಡೆಯೆಲ್ಲ ಅಂಟಂಟು.

"ಆಂಟಿ, ಇದೇನಿದು? ತಿನ್ನೋ ಐಟಮ್ಮಾ?"

ನನಗೆ ಭೂಮಿ ಬಾಯಿ ಬಿಡಬಾರದೆ ಅನಿಸಿತು. ಹಾಲ್ವರ್ ತೋಳಿನ ಲೋಳೆಯನ್ನು ಒರೆಸಿಕೊಳ್ಳುತ್ತ ಬಂದು ಎದುರು ನಿಂತರು. ಅವರಿಗೆ ಎಲ್ಲವನ್ನೂ ಹೇಳಿದೆ, ಡಬ್ಬಿಯದೂ ಹಂದಿಯದೂ.

"ಅಷ್ಟ ಏನ್ರಿ? ಯಾಕ ಹೇಳ್ಲಿಲ್ರಿ? ಆ ಹಳೇ ಮಂದಿ ತಾವು ತಿಂದ ಪ್ರಾಣಿ ಕೊಬ್ಬು ತಾವು ಹಚ್ಚತಿದ್ರು. ಕುರಿದಾದ್ರೂ ಆದೀತು, ಮೀನಿನ ಎಣ್ಣಿಯಾದ್ರೂ ಆದೀತು."

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈದವಳು ಪೆಗ್ಗಿ. "ಗೊತ್ತಿಲ್ಲದ್ದು ಕೇಳಬೇಕು, ಗೊತ್ತಿದ್ದದ್ದು ಹೇಳಬೇಕು. ನೀ ಎರಡೂ ಮಾಡ್ಲಿಲ್ಲ." ಈ ಕೆಲಸಕ್ಕೆ ಬರುವವರು ನನ್ನದೆಲ್ಲ ಮರೆತರೂ ಈ ಮಾತನ್ನು ಮರೆಯಬೇಡಿ.

ಹಡಗಿನ ಸಮಿತಿಯವರು ಉಣ್ಣೆಯ ಸಹವಾಸ ಸಾಕು, ಪ್ಲಾಸ್ಟಿಕ್ಕಿನ ಹಾಯಿ ಹಾಕೋಣ, ಎರಡೇ ದಿನದ ಕೆಲಸ ಎಂದರು. ಪ್ಲಾಸ್ಟಿಕ್ಕಿನದನ್ನು ಮೇಜು ಕತ್ತರಿಸುತ್ತದೆ, ಮೆಷಿನ್ನು ಹೊಲಿಯುತ್ತದೆ. ಅದು ನನ್ನ ಹಾಯಿಯಲ್ಲ, ಅದರ ಕೆಳಗೆ ನನ್ನ ಜಾಗವೂ ಇಲ್ಲ. ಹಾಲ್ವರ್ ಸಮಿತಿಯ ಎದುರು ಹಟ ಹಿಡಿದು ಕೂತು ನನಗೆ ಇನ್ನೊಂದು ಅವಕಾಶ ಕೊಡಿಸಿದರು. ಎಷ್ಟು ದಿನ ಬೇಕು ಎಂದು ಕೇಳಿದರು. ಲೆಕ್ಕ ಹಾಕಿದರೆ ಅಕ್ಟೋಬರ್ ಬರುತ್ತಿತ್ತು. ಇಬ್ಬರಿಗೂ ಗೊತ್ತಿತ್ತು. ಗಾಳಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆ ವಾರವೆಲ್ಲ ನೀಲವ್ವನನ್ನೇ ನೆನೆದು ಬೈದುಕೊಂಡೆ. ಆಮೇಲೆ ತಲೆಗೆ ಹೊಳೆಯಿತು, ತಪ್ಪು ಅವಳದಲ್ಲ. ಅವಳ ಗಂಜಿ ಹೊಸ ಕಂಬಳಿಯನ್ನು ಸಂತೆಯಲ್ಲಿ ನೆಟ್ಟಗೆ ನಿಲ್ಲಿಸಲಿಕ್ಕೆ. ಮಳೆಗೆ ಕುರುಬರು ಹೊದೆಯುತ್ತಿದ್ದುದು ಹಳೆಯ ಕಂಬಳಿ. ಕುರಿಗಳ ನಡುವೆ ಮಲಗಿ ಎದ್ದು, ಜಿಡ್ಡು ಹತ್ತಿ ಹತ್ತಿ ಕರ್ರಗಾದದ್ದು. ನೀರು ತಡೆದದ್ದು ಆ ಜಿಡ್ಡು. ನಾನು ಅರ್ಧ ಕಲಿತು ಪೂರ್ತಿ ಕಲಿತವಳಂತೆ ಮೆರೆದಿದ್ದೆ.

ತಣ್ಣೀರಿನಲ್ಲಿ ಗಂಜಿ ಬಿಡಿಸಿದೆವು. ಬಿಸಿನೀರು ಹಾಕಿದರೆ ಉಣ್ಣೆ ಕುಗ್ಗುತ್ತದೆ. ಮಂಜಿನ ಊರಿನಲ್ಲಿ ಅಷ್ಟು ದೊಡ್ಡ ಒದ್ದೆ ಕಂಬಳಿ ಒಣಗುವುದೆಂದರೆ ಸುಮ್ಮನೆಯೇ? ಆಗಸ್ಟ್ ಪೂರ್ತಿ ಹೋಯಿತು. ಗಾಳಿ ದಿನಾ ಬಂದು ಶೆಡ್ಡಿನ ತಗಡು ಬಡಿದು ಹೋಗುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಎದ್ದು ಹೋಗಿ ಹಾಯಿ ಒಣಗಿತೇ ಎಂದು ಮುಟ್ಟಿ ನೋಡುತ್ತಿದ್ದೆ. ಕೊಬ್ಬಿಗಾಗಿ ಹಲಾಲ್ ಅಂಗಡಿಗೆ ಹೋದೆ. ಮಾಂಸದವನು ಬೆಂಗಳೂರಿನ ಹುಡುಗ. ನಾನು ಕೇಳಿದ ಪ್ರಮಾಣ ಕೇಳಿ ಕಣ್ಣು ಬಿಟ್ಟ.

"ಏನ್ ಆಪಾ, ಮನೇಲಿ ಮದುವೇನಾ? ಎಷ್ಟ್ ಜನಕ್ಕೆ?"

"ಜನಕ್ಕಲ್ಲಪ್ಪಾ, ಒಂದು ಹಡಗಿಗೆ."

ಕುರಿಯ ಕೊಬ್ಬು ಕರಗಿಸಿ, ಕೆಮ್ಮಣ್ಣು, ಮರದ ಎಣ್ಣೆ ಕೂಡಿಸಿ, ಬಿಸಿ ಇರುವಾಗಲೇ ಕುಂಚದಿಂದ ತಿಕ್ಕಿ ತಿಕ್ಕಿ ಉಣ್ಣೆಗೆ ಕುಡಿಸಿದೆವು. ಒಂದು ಸಲ, ಎರಡು ಸಲ, ಮೂರು ಸಲ, ಪ್ರತಿ ಸಲವೂ ಹೀರಲು ಎರಡು ಮೂರು ವಾರ. ನಾಯಿಗಳು ಶೆಡ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ. ನನ್ನ ಜಾಕೆಟ್ಟಿಗೆ ರೆಹಾನಾ ಗರಾಜಿನಿಂದ ಒಳಗೆ ಪ್ರವೇಶ ಕೊಡಲಿಲ್ಲ. ಮೊಮ್ಮಗಳು ಮೂಗು ಹಿಡಿದುಕೊಂಡು ಏನೋ ಗೊಣಗಿದಳು. ಕೇಳಿದ್ದಕ್ಕೆ, ನೀನು ಬಿರಿಯಾನಿಯ ಹಾಗೆ ನಾರುತ್ತೀ ಅಂದಳಂತೆ. ಹಾಯಿ ಮಾತ್ರ ಕೆಂಪಗೆ, ಮೆತ್ತಗೆ, ಜೀವ ಬಂದ ಚರ್ಮದ ಹಾಗಾಯಿತು. ಕೊಡಗಟ್ಟಲೆ ಉಪ್ಪುನೀರು ಸುರಿದು ನೋಡಿದೆ. ನೀರು ಮಣಿಮಣಿಯಾಗಿ ಉರುಳಿ ಹೋಯಿತು.

ಅಕ್ಟೋಬರಿನ ಕೊನೆಯ ಶನಿವಾರ ಇಬ್ಬರು ನನ್ನ ರಟ್ಟೆ ಹಿಡಿದು ಹಡಗಿಗೆ ಇಳಿಸಿದರು. ಕಂಬದ ಬುಡದಲ್ಲಿ ಕೂತೆ. ಸೋಮವಾರ ಲಾರಿ ಬರುವುದಿತ್ತು. ಭಾನುವಾರ ಕಂಬ ಇಳಿಸುವುದಿತ್ತು. ಇದ್ದದ್ದು ಅದೊಂದೇ ದಿನ.

ನೀರು ತಟ್ಟೆಯ ಹಾಗೆ ಬಿದ್ದಿತ್ತು. ಏಂಜಲ್ ಐಲ್ಯಾಂಡ್ ಎಂಬ ನಡುಗಡ್ಡೆಯ ಮಗ್ಗುಲವರೆಗೂ ಹುಟ್ಟು ಹಾಕಿ ಹೋದರು. ಹಾಯಿ ಏರಿಸಿದರು. ಅದು ನೇತಾಡಿಕೊಂಡು ನಿಂತಿತು. ಒಂದು ತಾಸು ಆಯಿತು, ಎರಡು ತಾಸು ಆಯಿತು. ಬಿಸಿಲು ಚುರುಗುಟ್ಟುತ್ತಿತ್ತು. ಚಪಾತಿ, ಶೇಂಗಾ ಚಟ್ನಿ ಒಯ್ದಿದ್ದೆ, ಎಲ್ಲರಿಗೂ ಹಂಚಿದೆ. ಯಾರೂ ನನ್ನ ಮುಖ ನೋಡಲಿಲ್ಲ. ಮೇಘನಾ ಹುಟ್ಟು ಬಿಟ್ಟು ಬಂದು ಪಕ್ಕದಲ್ಲಿ ಕೂತಳು.

"ಸಾರಿ ಆಂಟಿ. ಇವತ್ತೇ ಹಿಂಗಾಗ್ಬೇಕಾ?"

"ನೀ ಯಾಕ ಸಾರಿ ಅಂತೀ ತಂಗಿ? ಜುಲೈದಾಗ ಗಾಳಿ ಇತ್ತು. ಆಗ ಗಂಜಿ ಹಚ್ಚಿದಾಕಿ ನಾನ."

ಮೂರು ಗಂಟೆಯ ಹೊತ್ತಿಗೆ ಕುತ್ತಿಗೆಯ ಹಿಂದೆ ತಣ್ಣಗಾಯಿತು. ಮೇಲೆ ನೋಡಿದೆ. ಹಾಯಿಯ ಮಡಿಕೆಗಳು ಮೇಲಿನಿಂದ ಒಂದೊಂದಾಗಿ ಬಿಚ್ಚುತ್ತ ಬಂದವು. ಪ್ಲಾಸ್ಟಿಕ್ಕಿನಂತೆ ಉಣ್ಣೆ ಪಟಪಟ ಎನ್ನುವುದಿಲ್ಲ, ಸದ್ದಿಲ್ಲದೆ ತುಂಬಿಕೊಂಡಿತು. ಬೆನ್ನ ಹಿಂದೆ ಕಂಬ ಕಿರುಗುಟ್ಟಿತು. ಕಾಲ ಕೆಳಗೆ ಹಲಗೆಗಳು ನಡುಗಿದವು, ಅವುಗಳ ಆಚೆ ನೀರು ಮಾತಾಡಲು ಶುರು ಮಾಡಿತು. ಹಾಲ್ವರ್ ಹಾಯಿಯ ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಅದು ಎಳೆಯಿತು! ಇಷ್ಟು ವರ್ಷ ನಾನು ದಾರ ಎಳೆದವಳು, ಅಂದು ನನ್ನ ಹಾಯಿ ನನ್ನನ್ನು ಎಳೆಯಿತು. ಹೊಲಿಗೆ ನೋಡುವುದನ್ನೂ ಮರೆತು ಗೊಳೋ ಎಂದು ಅತ್ತುಬಿಟ್ಟೆ.

ಅಳು ಮುಗಿಯುವ ಮೊದಲೇ ಗಾಳಿ ಮುಗಿದಿತ್ತು. ಒಂದು ನಿಮಿಷ ಇದ್ದೀತು ಎಂದರು ಹಾಲ್ವರ್. ಹೊತ್ತು ಮುಳುಗುವವರೆಗೂ ಕಾದೆವು. ಮತ್ತೆ ಬರಲಿಲ್ಲ.

ಒಂದು ನಿಮಿಷವಾದರೂ ಸಿಕ್ಕಿತಲ್ಲ, ಅಷ್ಟೇ ಪುಣ್ಯ ಎಂದು ನಾನು ಹೇಳಲಿ ಎಂದು ಎಲ್ಲರಿಗೂ ಆಸೆ. ನಾನು ಹೇಳುವುದಿಲ್ಲ. ಸಾಕಾಗಲಿಲ್ಲ. ಇನ್ನೂ ಬೇಕಿತ್ತು. ಒಂದು ಮಧ್ಯಾಹ್ನವಿಡೀ ಬೇಕಿತ್ತು, ಕೈ ಸೋಲುವವರೆಗೆ ಆ ಹಗ್ಗ ಹಿಡಿಯಬೇಕಿತ್ತು. ಬೇರೆ ದೋಣಿ ಹತ್ತಿಸುತ್ತೇನೆ ಎನ್ನುತ್ತಾಳೆ ಮೇಘನಾ. ನನ್ನ ಎರಡೂ ಮೊಣಕಾಲು ಈಗ ಲೋಹದವು, ಡಾಕ್ಟರು ಬೇಡ ಎಂದಿದ್ದಾರೆ. ಅವರು ಹೂಂ ಅಂದರೂ ಬೇರೆ ದೋಣಿ ನನಗೆ ಬೇಡ.

ಈ ಕೆಲಸಕ್ಕೆ ಬರುವವರೇ, ಸೂಜಿ ಹಿಡಿಯುವುದನ್ನು ಯಾರಾದರೂ ಕಲಿಸಿಯಾರು. ನಾನು ಹೇಳುವುದು ಇಷ್ಟು. ಭಾನುವಾರ ಬಾ ಎಂದು ಯಾರಾದರೂ ಕರೆದರೆ ಆ ಭಾನುವಾರವೇ ಹೋಗಿ.

ಹಾಲ್ವರ್ ಆ ಉತ್ತರದ ಊರಿಗೆ ಹೋಗಿ ಹಡಗು ನೋಡಿ ಬಂದರು. ಮೊನ್ನೆ ಫೋನು ಮಾಡಿದ್ದರು. ಹಾಯಿ ಎಲ್ಲೂ ಹಿಗ್ಗಿಲ್ಲವಂತೆ, ಒಂದು ಹೊಲಿಗೆಯೂ ಬಿಚ್ಚಿಲ್ಲವಂತೆ. ಅಲ್ಲಿ ದಿನಾ ಗಾಳಿ ಇರುತ್ತದಂತೆ.